ಅಡಿಕೆಯನ್ನು ಹೆದರಿಸಿದ ಹುಡುಗಿ

"ಇವಳು ಸುಲಿಯುತ್ತಿಲ್ಲ, ಅಡಿಕೆಯನ್ನು ಹೆದರಿಸುತ್ತಿದ್ದಾಳೆ."

ನಮ್ಮ ವಿಡಿಯೊ ನೋಡಿದ ಅಜ್ಜಿಯೊಬ್ಬರು ಹೀಗೆಂದಾಗ ಅಂಗಳದಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ನಾನೂ ನಕ್ಕೆ. ಒಳಗೊಳಗೆ ಮುಖ ಹುಳಿಯಾಗಿತ್ತು. ಅದು ಮುಗಿದ ಕೆಲಸವೆಂದು ನಾವು ಕೈತೊಳೆದುಕೊಂಡು ಆಗಲೇ ಎರಡು ವಾರವಾಗಿತ್ತು. ಅಲ್ಲಿಗೆ ಹೋದದ್ದು ಅಭಿಪ್ರಾಯ ಕೇಳುವುದಕ್ಕಲ್ಲ, ಚಿತ್ರೀಕರಣಕ್ಕೆ ಜಾಗ ಕೊಟ್ಟವರಿಗೆ ಒಮ್ಮೆ ತೋರಿಸಿ, ಕಾಫಿ ಕುಡಿದು, ಧನ್ಯವಾದ ಹೇಳಿ ಬರುವುದಕ್ಕೆ.

ಆಗ ನಾನು ಶಿವಮೊಗ್ಗದಲ್ಲಿ ಪತ್ರಿಕೋದ್ಯಮದ ಕೊನೆಯ ವರ್ಷದಲ್ಲಿದ್ದೆ. ಪ್ರಾಜೆಕ್ಟಿಗೆಂದು ನಾಲ್ವರು ಸೇರಿ ಒಂದು ಹಾಡಿನ ವಿಡಿಯೊ ಮಾಡಿದೆವು. ಹಾಡು ತಂಡದ ಗೆಳತಿಯೇ ಬರೆದು ಹಾಡಿದ್ದು. ತಾಳಕ್ಕೆ ಡ್ರಮ್ ಇರಲಿಲ್ಲ. ಸಾಗರ ತಾಲ್ಲೂಕಿನ ಅವಳ ಅಜ್ಜನ ಮನೆಯಲ್ಲಿ ಅಡಿಕೆ ಸುಲಿಯುವ ಸದ್ದನ್ನು ಮುದ್ರಿಸಿಕೊಂಡಿದ್ದೆವು. ಕಾಯಿಯನ್ನು ಮೆಟ್ಟುಗತ್ತಿಗೆ ಒತ್ತಿದಾಗಿನ ‘ಚರಕ್’, ಸುಲಿದ ಅಡಿಕೆ ಅಲ್ಯೂಮಿನಿಯಂ ಬೋಗುಣಿಗೆ ಬೀಳುವ ‘ಟಣ್’, ಇವೆರಡೇ ನಮ್ಮ ವಾದ್ಯ. ಕಥೆ ಇಷ್ಟು: ಹಗಲು ಕಾಲೇಜಿಗೆ, ರಾತ್ರಿ ಅಡಿಕೆ ಸುಲಿಗೆಗೆ ಹೋಗುವ ಹುಡುಗಿ ಸುಗ್ಗಿ ಮುಗಿಯುವಷ್ಟರಲ್ಲಿ ಪರೀಕ್ಷೆಯ ಶುಲ್ಕ ಹೊಂದಿಸಿಕೊಂಡು ಬೆಳಗಿನ ಬಸ್ಸು ಹತ್ತುತ್ತಾಳೆ. ಒಟ್ಟು 4 ನಿಮಿಷ 10 ಸೆಕೆಂಡು. ಹುಡುಗಿಯಾಗಿ ನಟಿಸಿದವಳು ಬಳ್ಳಾರಿಯವಳು. ಅಡಿಕೆಯನ್ನು ಅವಳು ಅದುವರೆಗೆ ನೋಡಿದ್ದು ಮದುವೆಮನೆಯ ತಟ್ಟೆಯಲ್ಲಿ.

ಅಂಗಳಕ್ಕೆ ಹೋಗುವ ಮೊದಲೇ ಹಾಸ್ಟೆಲಿನಲ್ಲಿ ಹತ್ತಾರು ಜನರಿಗೆ ತೋರಿಸಿದ್ದೆವು. "ಹೇಗಿದೆ?" ಎಂದು ಕೇಳಿದೆವು. "ಚೆನ್ನಾಗಿದೆ" ಎಂದರು. ಇನ್ನೇನು ಹೇಳಿಯಾರು? ಊಟಕ್ಕೆ ಕರೆದವರು ಸಾರು ಹೇಗಿದೆ ಎಂದು ಕೇಳಿದರೆ ಉಪ್ಪು ಹೆಚ್ಚಾಗಿದೆ ಎನ್ನುವವರು ಎಷ್ಟು ಜನ? ಆದರೆ ಆ ಅಜ್ಜಿಗೆ ನಮ್ಮ ಹಂಗಿರಲಿಲ್ಲ. ಐವತ್ತು ಸುಗ್ಗಿ ಕಂಡ ಕೈ ಅದು. ಅವರು ಲ್ಯಾಪ್‌ಟಾಪಿನ ಪರದೆಗೆ ಬೆರಳಿಟ್ಟು ತೋರಿಸಿದರು: ಹುಡುಗಿ ಪ್ರತಿ ಕಾಯಿಯನ್ನೂ ಕಣ್ಣಿಟ್ಟು ನೋಡಿ, ಎರಡೂ ಕೈಯಲ್ಲಿ ಹಿಡಿದು ಕತ್ತಿಯ ಬಾಯಿಗೆ ಒಯ್ಯುತ್ತಾಳೆ. ಸುಲಿಯುವವರು ಕೈ ನೋಡುವುದೇ ಇಲ್ಲ. ಕಾಯಿ ಕತ್ತಿಗೆ ಒಂದೆರಡು ಸಲ ತಾಗುತ್ತದೆ, ಸಿಪ್ಪೆ ಅತ್ತ, ಅಡಿಕೆ ಇತ್ತ. ಕಣ್ಣು ಎದುರಿನವಳ ಮುಖದ ಮೇಲೆ.

ಪಕ್ಕದಲ್ಲಿದ್ದ ಇನ್ನೊಬ್ಬರು, "ಇಷ್ಟು ಹೊತ್ತು ಸುಲಿದರೂ ಇವಳ ಬೋಗುಣಿ ತುಂಬುವುದಿಲ್ಲವಲ್ಲ, ಒಮ್ಮೆ ಏರುತ್ತದೆ, ಒಮ್ಮೆ ಇಳಿಯುತ್ತದೆ" ಎಂದರು. ಸುಲಿಗೆಯ ಕೂಲಿ ಡಬ್ಬದ ಲೆಕ್ಕದಲ್ಲಿ. ಹಾಗಾಗಿ ಅವರ ಕಣ್ಣು ಮೊದಲು ಹೋಗುವುದೇ ಬೋಗುಣಿಗೆ. ಎಡಿಟ್ ಮಾಡುವಾಗ ನೂರು ಸಲ ನೋಡಿದ ನನಗೆ ಅದು ಕಂಡಿರಲಿಲ್ಲ.

ಇವೆಲ್ಲ ತಿದ್ದಬಹುದಾದ ತಪ್ಪುಗಳು. ನಿಜವಾಗಿ ನಾಟಿದ್ದು ಮೂರನೆಯ ಮಾತು. ಯಾರು ಅಂದರೋ ನೆನಪಿಲ್ಲ, ಟೀಕೆಯಾಗಿಯೂ ಅನ್ನಲಿಲ್ಲ: "ಇದರಲ್ಲಿ ಯಾರೂ ಮಾತೇ ಆಡುವುದಿಲ್ಲ. ಯಾರಾದರೂ ಸತ್ತಿದ್ದಾರಾ?" ನಾವು ಆ ಹೆಂಗಸರನ್ನೆಲ್ಲ ಸಾಲಾಗಿ ಕೂರಿಸಿ, ತಲೆ ತಗ್ಗಿಸಲು ಹೇಳಿ, ಮುಖದ ಅರ್ಧಕ್ಕೆ ನೆರಳು ಬೀಳಿಸಿ ಬಹಳ ಕಲಾತ್ಮಕವಾಗಿ ಚಿತ್ರೀಕರಿಸಿದ್ದೆವು. ದುಡಿಯುವವರೆಂದರೆ ದುಃಖದಲ್ಲಿರಬೇಕು ಎಂದು ನಮ್ಮೊಳಗೆ ಯಾರು ಬರೆದಿಟ್ಟಿದ್ದರೋ! ಸುಲಿಗೆಯ ರಾತ್ರಿ ಎಂದರೆ ಊರಿನ ಸುದ್ದಿ, ಸೊಸೆಯ ಮೇಲಿನ ದೂರು, ಹಳೆಯ ಹಾಡು, ಹನ್ನೊಂದು ಗಂಟೆಗೆ ಬರುವ ಕಾಫಿ. ನಾವು ಅದನ್ನೆಲ್ಲ "ಸ್ವಲ್ಪ ಸುಮ್ಮನಿರಿ, ರೆಕಾರ್ಡಿಂಗ್ ಇದೆ" ಎಂದು ನಿಲ್ಲಿಸಿದ್ದೆವು.

ಆಗ ಜನವರಿ ಮೊದಲ ವಾರ. ಆ ಮನೆಯಲ್ಲಿ ಇನ್ನೊಂದು ಕೊಯ್ಲು ಬಾಕಿ ಇತ್ತು. ಅದು ಮುಗಿದರೆ ಮತ್ತೆ ಚಿತ್ರೀಕರಿಸಲು ಮುಂದಿನ ನವೆಂಬರಿಗೇ ಕಾಯಬೇಕು. ಮರುಚಿತ್ರೀಕರಣಕ್ಕೆ ಹೋಗುವುದಾದರೆ ಉಳಿದ ತಪ್ಪುಗಳನ್ನೂ ಆ ವಾರದೊಳಗೇ ಹುಡುಕಿಕೊಳ್ಳಬೇಕಿತ್ತು. ಶಿವಮೊಗ್ಗಕ್ಕೆ ಬಂದವನೇ ಕೇಳುವ ರೀತಿಯನ್ನು ಬದಲಾಯಿಸಿದೆ.

‘ಹೇಗಿದೆ’ ಎಂಬ ಪ್ರಶ್ನೆಯನ್ನು ಬಿಟ್ಟೆ. ಮೊದಲು ನೋಡಿರದ ಒಂಬತ್ತು ಜನ ಕಿರಿಯರನ್ನು ಕೂರಿಸಿ, ವಿಡಿಯೊ ಒಮ್ಮೆ ಮಾತ್ರ ತೋರಿಸಿ, ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟು "ಇದರಲ್ಲಿ ಏನಾಯಿತು, ಮೂರು ಸಾಲಿನಲ್ಲಿ ಬರೆಯಿರಿ" ಎಂದೆ. ಬರೆದು ಮುಗಿಯುವವರೆಗೆ ಮಾತು ಬೇಡ ಎಂದೂ ಹೇಳಿದೆ. ಏಕೆಂದರೆ ಯಾವ ಗುಂಪಿನಲ್ಲೂ ದೊಡ್ಡ ಗಂಟಲಿನವನೊಬ್ಬ ಇರುತ್ತಾನೆ, ಅವನು ಬಾಯಿ ತೆರೆದ ಮೇಲೆ ಉಳಿದ ಎಂಟೂ ಅಭಿಪ್ರಾಯಗಳು ಅವನವೇ ಆಗುತ್ತವೆ. ಚೀಟಿಗಳನ್ನು ಬಿಡಿಸಿದರೆ, ಒಂಬತ್ತರಲ್ಲಿ ಆರರಲ್ಲಿ ಹುಡುಗಿ ಪ್ರಿಯಕರನ ಜೊತೆ ಓಡಿಹೋಗಿದ್ದಳು!

ಮೊದಲು ಸಿಟ್ಟು ಬಂತು. ಪ್ರಿಯಕರನೆಲ್ಲಿದ್ದಾನೆ ಇದರಲ್ಲಿ? ಆಮೇಲೆ ಅವರ ಕಣ್ಣಿನಿಂದ ನೋಡಿದೆ. ಮೊದಲ ಶಾಟ್: ಕತ್ತಲೆ ಕೋಣೆಯಲ್ಲಿ ಹುಡುಗಿ ಚೀಲಕ್ಕೆ ಏನೋ ತುಂಬುತ್ತಾಳೆ. ಎರಡನೆಯದು: ಮಲಗಿದ ತಾಯಿ. ಮೂರನೆಯದು: ಸದ್ದಾಗದಂತೆ ಬಾಗಿಲು ತೆರೆಯುತ್ತಾಳೆ. ಕೊನೆಗೆ ಬಸ್ಸು. ಚೀಲದಲ್ಲಿರುವುದು ಪುಸ್ತಕ ಎಂದು ನನಗೆ ಗೊತ್ತಿತ್ತು, ಪರದೆಗೆ ಗೊತ್ತಿರಲಿಲ್ಲ. ಸುಮಾರು ನೂರು ವರ್ಷದ ಹಿಂದೆ ರಷ್ಯಾದ ಲೆವ್ ಕುಲೆಶೋವ್ ಒಬ್ಬನೇ ನಟನ ಒಂದೇ ಮುಖಭಾವವನ್ನು ಬೇರೆ ಬೇರೆ ದೃಶ್ಯಗಳ ಪಕ್ಕ ಜೋಡಿಸಿ, ಪಕ್ಕದ ದೃಶ್ಯ ಬದಲಾದಂತೆ ಪ್ರೇಕ್ಷಕರು ಆ ಮುಖದಲ್ಲಿ ಬೇರೆ ಬೇರೆ ಭಾವನೆಗಳನ್ನು ಓದುತ್ತಾರೆ ಎಂದು ತೋರಿಸಿದ್ದನ್ನು ಪರೀಕ್ಷೆಯಲ್ಲಿ ಐದು ಅಂಕಕ್ಕೆ ಬರೆದವನು ನಾನು. ನನ್ನದೇ ವಿಡಿಯೊದಲ್ಲಿ ಅದೇ ಸಂಗತಿ ನನಗೆ ಮೂರು ನಾಮ ಹಾಕಿತ್ತು.

ತಂಡದ ಒಬ್ಬ "ಅಕ್ಷರ ಹಾಕಿ ಹೇಳಿಬಿಡೋಣ" ಎಂದ. ಬೇಡವೆಂದೆ. ಆರಂಭವನ್ನು ತಿರುಗಿಸಿದೆವು: ಮೊದಲು ಸುಲಿಯುವ ಕೈ, ಆಮೇಲೆ ಚೀಲ, ಚೀಲದೊಳಗೆ ನೋಟ್‌ಬುಕ್, ಅದರ ರಟ್ಟಿನ ಮೇಲೆ ಚೊಗರಿನ, ಅಂದರೆ ಅಡಿಕೆಯ ರಸದ, ಕಪ್ಪು ಬೆರಳಚ್ಚು. ಮುಂದೆ ಹೊಸಬರು ಎಂಟು ಜನರಿಗೆ ತೋರಿಸಿದಾಗ ಒಬ್ಬನೇ ಓಡಿಹೋದಳೆಂದು ಬರೆದ. ಅವನಿಗೆ ಎಲ್ಲ ಕಥೆಯೂ ಪ್ರೇಮಕಥೆಯೇ, ಅವನನ್ನು ಬಿಟ್ಟುಬಿಟ್ಟೆವು.

ಇನ್ನೊಂದು ಅಭ್ಯಾಸವೂ ಆಗಲೇ ಶುರುವಾಯಿತು. ಪ್ರದರ್ಶನದ ಹೊತ್ತಿನಲ್ಲಿ ಪರದೆಯ ಪಕ್ಕ, ನೋಡುವವರ ಕಡೆ ಮುಖ ಮಾಡಿ ಕೂರುವುದು. ಕೈ ಮೊಬೈಲಿಗೆ ಹೋದಾಗ, ಕುರ್ಚಿಯಲ್ಲಿ ಜರುಗಿದಾಗ, ಪಕ್ಕದವನ ಕಿವಿಗೆ ಬಾಗಿದಾಗ ನಿಮಿಷ ಸೆಕೆಂಡು ಗುರುತು ಹಾಕಿಕೊಳ್ಳುವುದು. ಬಾಯಿ ಮರ್ಯಾದೆಗೆ ಸುಳ್ಳು ಹೇಳಬಹುದು, ಬೆನ್ನು ಹೇಳುವುದಿಲ್ಲ. ನನ್ನ ಪಟ್ಟಿಯಲ್ಲಿ 1 ನಿಮಿಷ 50 ಸೆಕೆಂಡಿನ ಸುತ್ತ ಗೀಟುಗಳ ಗುಂಪೇ ಇತ್ತು. ಅಲ್ಲಿಂದ ಎರಡನೆಯ ಚರಣ. ಕೇಳಿದರೆ ಎಲ್ಲರೂ ಒಂದೇ ಮಾತು: "ಎರಡನೆಯ ಚರಣ ಉದ್ದವಾಯಿತು." ಸರಿ, ಅಲ್ಲಿ 8 ಸೆಕೆಂಡು ಕತ್ತರಿಸಿದೆವು. ಮುಂದಿನ ಗುಂಪೂ ಉದ್ದ ಎಂದಿತು. ಇನ್ನೂ 6 ಸೆಕೆಂಡು ತೆಗೆದೆವು. ಆಗಲೂ ಉದ್ದ!

ಮೂರು ದಿನ ತಲೆ ಕೆಡಿಸಿಕೊಂಡ ಮೇಲೆ ಹಾಡಿದ ಗೆಳತಿಗೆ ಹೊಳೆಯಿತು. ರೋಗ ಎರಡನೆಯ ಚರಣದಲ್ಲಿರಲಿಲ್ಲ, ಮೊದಲನೆಯದರಲ್ಲಿತ್ತು. ತೋಟ, ಕೊನೆಗೌಡ (ಅಡಿಕೆಯ ಕೊನೆ, ಅಂದರೆ ಗೊಂಚಲು, ಕೊಯ್ಯುವವನು) ಮರ ಏರುವುದು, ಕೊನೆ ಹಗ್ಗದ ಮೇಲೆ ಜಾರಿ ಬರುವುದು, ಬೇಯಿಸುವ ಹಂಡೆಯ ಹೊಗೆ, ಅಟ್ಟದ ಮೇಲೆ ಹರವಿದ ಕೆಂಪು ಅಡಿಕೆ, ಹೀಗೆ ಇದ್ದ ಚೆಂದವನ್ನೆಲ್ಲ ಮೊದಲ ಚರಣದಲ್ಲೇ ಸುರಿದುಬಿಟ್ಟಿದ್ದೆವು. ಎರಡನೆಯದಕ್ಕೆ ಉಳಿದದ್ದು ಅದೇ ಕೈ, ಅದೇ ಬಲ್ಬು. ಹಲ್ಲು ಹುಳುಕಾದರೆ ಕಿವಿ ನೋಯುತ್ತದಲ್ಲ, ಹಾಗೆ. ತೋಟದ ಶಾಟ್‌ಗಳನ್ನು ಎರಡನೆಯ ಚರಣಕ್ಕೆ ಸಾಗಿಸಿ, ಕತ್ತರಿಸಿದ್ದ 14 ಸೆಕೆಂಡನ್ನೂ ಮರಳಿ ಸೇರಿಸಿದೆವು. ಆಮೇಲೆ ಯಾರೂ ಉದ್ದವೆನ್ನಲಿಲ್ಲ.

"ಕಣ್ಣು ನೋಯುತ್ತದೆ" ಎಂಬ ದೂರೂ ಇದೇ ಜಾತಿಯದು. ಕಟ್‌ಗಳು ಹೆಚ್ಚಾಗಿವೆ ಎಂದುಕೊಂಡು ನಿಧಾನ ಮಾಡಿದರೂ ನೋವು ಹೋಗಲಿಲ್ಲ. ಕಾರಣ ಅಂಗಳದ ಎಲ್‌ಇಡಿ ಬಲ್ಬು. ನಮ್ಮಲ್ಲಿ ವಿದ್ಯುತ್ 50 ಹರ್ಟ್ಸ್, ಅಗ್ಗದ ಬಲ್ಬು ಅದಕ್ಕೆ ತಕ್ಕಂತೆ ಸೆಕೆಂಡಿಗೆ 100 ಸಲ ಮಿನುಗುತ್ತದೆ. ನಾವು ಸೆಕೆಂಡಿಗೆ 30 ಫ್ರೇಮಿನಂತೆ, ಪ್ರತಿ ಫ್ರೇಮಿಗೂ ಶಟರ್ 1/60 ಸೆಕೆಂಡು ತೆರೆದಿರುವಂತೆ ಚಿತ್ರೀಕರಿಸಿದ್ದೆವು. ಲೆಕ್ಕ ತಾಳೆಯಾಗದೆ ಇಡೀ ಚಿತ್ರದ ಮೇಲೆ ಸಣ್ಣ ಕಂಪನ. ಮರುಚಿತ್ರೀಕರಣದಲ್ಲಿ 25 ಫ್ರೇಮ್, 1/50 ಶಟರ್ ಇಟ್ಟೆವು, ಅಷ್ಟೇ.

ಸಾಹಿತ್ಯ ಕೇಳಿಸುವುದಿಲ್ಲ ಎಂದವರನ್ನು ಮಾತ್ರ ನಾನು ಬಹಳ ದಿನ ನಂಬಲಿಲ್ಲ. ನನ್ನ ಹೆಡ್‌ಫೋನಿನಲ್ಲಿ ಪ್ರತಿ ಅಕ್ಷರವೂ ಸ್ಫಟಿಕದಂತೆ ಕೇಳುತ್ತಿತ್ತು. ಜನ ನೋಡುವುದು ಮೊಬೈಲಿನಲ್ಲಿ ಎಂಬುದು ಮರೆತಿತ್ತು. ಅದರ ಪುಟ್ಟ ಸ್ಪೀಕರಿನಲ್ಲಿ ಕೆಳಗಿನ ಸ್ವರಗಳು ಹೋಗಿಬಿಡುತ್ತವೆ, ಉಳಿಯುವುದು ನಡುವಿನದು, ಮೇಲಿನದು. ವ್ಯಂಜನಗಳ ಸ್ಪಷ್ಟತೆ ಹೆಚ್ಚಾಗಿ ನಿಂತಿರುವುದು 2ರಿಂದ 4 ಕಿಲೋಹರ್ಟ್ಸ್ ನಡುವೆ. ನಮ್ಮ ಹೆಮ್ಮೆಯ ‘ಟಣ್’ ಹೋಗಿ ಕೂತದ್ದೂ ಅಲ್ಲೇ. ಪ್ರತಿ ಸಲ ಅಡಿಕೆ ಬಿದ್ದಾಗ ಒಂದು ಅಕ್ಷರ ಸಾಯುತ್ತಿತ್ತು. ಅಷ್ಟು ಭಾಗದಲ್ಲಿ ಬೋಗುಣಿಯ ಸದ್ದು ತಗ್ಗಿಸಿ, ಮೊಬೈಲಿನಲ್ಲೇ ಕೇಳಿ ಕೇಳಿ ಹದ ಮಾಡಿದೆವು.

ಪ್ರೇಕ್ಷಕರ ಮಾತು ಕೇಳಿ ಕೆಟ್ಟದ್ದೂ ಉಂಟು. "ತುಂಬಾ ಕತ್ತಲೆ" ಎಂದು ಬಹಳ ಜನ ಹೇಳಿದರೆಂದು ಇಡೀ ವಿಡಿಯೊವನ್ನು ಬೆಳಗಿಸಿದೆ. ಕಾಲೇಜಿನ ಸೆಮಿನಾರ್ ಹಾಲಿನಲ್ಲಿ, ಕಿಟಕಿಯ ಪರದೆಗಳನ್ನೆಲ್ಲ ಎಳೆದು ಪ್ರೊಜೆಕ್ಟರಿನಲ್ಲಿ ನೋಡಿದರೆ ನಡುರಾತ್ರಿಯ ಸುಲಿಗೆ ಮಟಮಟ ಮಧ್ಯಾಹ್ನವಾಗಿತ್ತು! ಕತ್ತಲೆ ಎಂದವರೆಲ್ಲ ಕ್ಯಾಂಟೀನಿನ ಬಿಸಿಲಿನಲ್ಲಿ, ಬ್ಯಾಟರಿ ಉಳಿಸಲು ಬೆಳಕು ತಗ್ಗಿಸಿದ ಲ್ಯಾಪ್‌ಟಾಪಿನಲ್ಲಿ ನೋಡಿದವರು. ಅಂದಿನಿಂದ ಅಭಿಪ್ರಾಯದ ಪಕ್ಕದಲ್ಲಿ ಎಲ್ಲಿ, ಯಾವುದರಲ್ಲಿ ನೋಡಿದರು ಎಂದೂ ಬರೆದುಕೊಳ್ಳುತ್ತೇನೆ. ಡ್ರೋನ್ ಶಾಟ್ ಬೇಕು, ಹೀರೊ ಬೇಕು ಎಂಬ ಸಲಹೆಗಳನ್ನು ಬರೆದುಕೊಳ್ಳಲೂ ಇಲ್ಲ.

ಮರುಚಿತ್ರೀಕರಣಕ್ಕೆ ಹೋದಾಗ ಒಂದು ಕಳ್ಳದಾರಿ ಹಿಡಿದೆವು. ಬಳ್ಳಾರಿಯ ಗೆಳತಿ ಒಂದು ರಾತ್ರಿಯಲ್ಲಿ ಸುಲಿಯಲು ಕಲಿಯುವುದಿಲ್ಲ, ಹತ್ತಿರದ ಶಾಟ್‌ಗಳಿಗೆ ಅಜ್ಜಿಯ ಕೈಯನ್ನೇ ತೆಗೆದುಕೊಳ್ಳೋಣ ಎಂದು. ಅದ್ಭುತವಾಗಿ ಬಂತು. ಈ ಸಲ ಕಾಯದೆ ಅದೇ ರಾತ್ರಿ ಜೋಡಿಸಿ ಅಂಗಳದಲ್ಲೇ ತೋರಿಸಿದೆ. ಯಾರೂ ಏನೂ ಹೇಳಲಿಲ್ಲ. ಆ ಮನೆಯ ಎರಡನೇ ತರಗತಿಯ ಹುಡುಗಿ ಮಾತ್ರ, "ಅಕ್ಕನ ಕೈ ಬದಲಾಯಿತು" ಎಂದಳು. ಅಜ್ಜಿಯ ಬೆರಳು ಚೊಗರು ಹಿಡಿದು ಇದ್ದಿಲಿನಂತಿತ್ತು, ನಟಿಯದು ಆಗಷ್ಟೇ ಸೋಪು ಹಾಕಿ ತೊಳೆದಂತಿತ್ತು. ಬಣ್ಣ ಹಚ್ಚಿ ನೋಡಿದೆವು, ಬೂಟ್ ಪಾಲಿಶಿನಂತೆ ಕಂಡಿತು. ಕೊನೆಗೆ ಗೆಳತಿಯೇ ಸೆರಗು ಕಟ್ಟಿದಳು. ಮೂರು ರಾತ್ರಿ ಅಜ್ಜಿಯ ಪಕ್ಕ ಕೂತು ಸುಲಿದಳು. ಮೊದಲ ರಾತ್ರಿ ಎರಡು ಕಡೆ ಕೊಯ್ದುಕೊಂಡಳು. ಮೂರನೆಯ ರಾತ್ರಿ ಯಾವುದೋ ಮದುವೆಯ ಜಗಳದ ಕಥೆ ಕೇಳುತ್ತಾ, ಕೈ ನೋಡದೆ, ನಿಧಾನವಾಗಿಯಾದರೂ ಸುಲಿದಳು. ಕಥೆಯ ತುದಿಗೆ ಎಲ್ಲರೂ ಒಮ್ಮೆಲೇ ನಕ್ಕರು. ಆ ನಗು ಹಾಗೆಯೇ ಉಳಿಯಿತು. ಹಾಡಿನ ನಡುವೆ ಸಂಗೀತ ನಿಲ್ಲಿಸಿ ಆರು ಸೆಕೆಂಡು ಅದಕ್ಕೆ ಬಿಟ್ಟುಕೊಟ್ಟೆವು. ತೋರಿಸಿದಲ್ಲೆಲ್ಲ ಜನ ಅಲ್ಲಿ ತಾವೂ ನಕ್ಕರು, ಯಾವ ಜೋಕೆಂದು ಗೊತ್ತಿಲ್ಲದೆಯೇ. ಗೆಳತಿ ಮುಂದಿನ ವಾರದ ಆಂತರಿಕ ಪರೀಕ್ಷೆಯನ್ನು ಕಪ್ಪು ಬೆರಳಿನಲ್ಲೇ ಬರೆದಳು, ಉತ್ತರಪತ್ರಿಕೆಯ ಅಂಚಿನಲ್ಲೂ ಅದರ ಗುರುತು ಬಿತ್ತಂತೆ.

ಒಪ್ಪಿಸಿ, ಅಂಕವೂ ಬಂದು ಮುಗಿದ ಮೇಲೆ, ಮಾರ್ಚಿನಲ್ಲಿ, ಆ ತೋಟದ ಕೊನೆಗೌಡರು ಸಾಗರದ ಪೇಟೆಯಲ್ಲಿ ಸಿಕ್ಕರು. ಬಸ್ ನಿಲ್ದಾಣದಲ್ಲಿ ನಿಂತೇ ನನ್ನ ಮೊಬೈಲಿನಲ್ಲಿ ಪೂರ್ತಿ ನೋಡಿದರು. ತಾವು ಮರ ಏರುವ ಶಾಟ್ ಬಂದಾಗ ತುಟಿಯಲ್ಲಿ ನಗು. ಹಗ್ಗದ ಮೇಲೆ ಕೊನೆ ಜಾರಿ ಬರುವಾಗ ಮೊಬೈಲನ್ನು ಕಣ್ಣಿಗೆ ಹತ್ತಿರ ಹಿಡಿದರು. "ಎಲ್ಲಾ ಸರಿ. ಆದರೆ ಕೆಳಗೆ ಹಗ್ಗ ಹಿಡಿದವನೇ ಇಲ್ಲವಲ್ಲ? ಕೊನೆ ಎಲ್ಲಿಗೆ ಹೋಗಿ ಬಿತ್ತು?"

ಚೌಕಟ್ಟು ಚೆಂದ ಕಾಣಲೆಂದು ಹಗ್ಗ ಹಿಡಿದಿದ್ದವರನ್ನು ನಾನೇ ಹೊರಗಿಟ್ಟಿದ್ದೆ. ತೋಟದಲ್ಲಿ ಆಗ ಒಂದು ಕೊನೆಯೂ ಉಳಿದಿರಲಿಲ್ಲ. ಫೈಲಿನ ಹೆಸರು ಇಂದಿಗೂ ‘ಕೊನೆಯದು 7’ ಎಂದೇ ಇದೆ.