ಲಿಫ್ಟಿನ ಗುಂಡಿ, ನೆಲುವಿನ ಉಂಡೆ

ಹತ್ತನೆಯ ಮಹಡಿಯಲ್ಲಿ ಮನೆಯಿರುವ ಒಬ್ಬಾತ ದಿನವೂ ಲಿಫ್ಟಿನಲ್ಲಿ ಏಳನೆಯ ಮಹಡಿಯವರೆಗೆ ಹೋಗಿ, ಉಳಿದದ್ದನ್ನು ಮೆಟ್ಟಿಲು ಹತ್ತುತ್ತಾನೆ. ಮಳೆ ಬಂದ ದಿನ ಮಾತ್ರ ನೇರವಾಗಿ ಹತ್ತಕ್ಕೇ ಹೋಗುತ್ತಾನೆ. ಏಕೆ?

ಬೀದರ್ ಜಿಲ್ಲೆಯ ಹಳ್ಳಿಯೊಂದರಲ್ಲಿ ಗಣಿತ ಕಲಿಸುವ ನಾನು, ಶನಿವಾರದ ಕೊನೆಯ ಅವಧಿಯಲ್ಲಿ ಎಂಟನೆಯ ತರಗತಿಗೆ ಕೇಳಿದ ಮೊದಲ ತಲೆಹರಟೆ ಪ್ರಶ್ನೆ ಇದು. ಇಡೀ ತರಗತಿ ಮೌನ. ನಾನೇ ಉತ್ತರ ಹೇಳಿದೆ: ಆತ ಕುಳ್ಳ, ಹತ್ತರ ಗುಂಡಿ ಕೈಗೆಟುಕುವುದಿಲ್ಲ. ಮಳೆಯ ದಿನ ಕೊಡೆ ಇರುತ್ತದೆ, ಅದರ ತುದಿಯಿಂದ ಒತ್ತುತ್ತಾನೆ. ಯಾರೂ ನಗಲಿಲ್ಲ. ಎರಡನೆಯ ಸಾಲಿನ ಹುಡುಗಿ ಎದ್ದು, "ಸರ್, ಲಿಫ್ಟಿನಲ್ಲಿ ಗುಂಡಿಗಳು ಒಂದರ ಪಕ್ಕ ಒಂದು ಇರುತ್ತವೆಯೋ, ಒಂದರ ಮೇಲೆ ಒಂದೋ?" ಎಂದಳು.

ಅವಳು ಕೇಳಿದ್ದು ಸರಿಯಾಗಿಯೇ ಇತ್ತು. ಲಿಫ್ಟನ್ನೇ ಹತ್ತದವರ ಮುಂದೆ ಲಿಫ್ಟಿನ ಒಗಟು ಹಾಕಿ, ಅವರಿಗೆ ಚುರುಕು ಸಾಲದು ಎಂದು ನಾನು ಒಳಗೊಳಗೇ ಅಂದುಕೊಂಡಿದ್ದೆ. ಪ್ರಶ್ನೆ ನಮ್ಮ ಊಹೆಯ ಕಾಲಿಗೆ ತೊಡರಬೇಕು. ಆದರೆ ಎಡವಲು ಮೊದಲು ಊಹೆಯಾದರೂ ಇರಬೇಕಲ್ಲ.

ಆ ಭಾನುವಾರವೆಲ್ಲ ಕುಳಿತು ಅದೇ ಕೀಲನ್ನು ಬೇರೆ ಕದಕ್ಕೆ ಜೋಡಿಸಿದೆ. ಅಡುಗೆಮನೆಯ ನೆಲುವಿನಲ್ಲಿ ಶೇಂಗಾ ಉಂಡೆಗಳ ಬುಟ್ಟಿ. ಅಜ್ಜಿ ಸಂತೆಗೆ ಹೋದ ದಿನ ಒಂದು ಉಂಡೆಯೂ ಕಡಿಮೆಯಾಗುವುದಿಲ್ಲ. ಅಜ್ಜಿ ಮನೆಯಲ್ಲೇ ಇದ್ದ ದಿನ ಎರಡು ಮಾಯ. ಅಜ್ಜಿ ಸಿಹಿ ಮುಟ್ಟುವುದಿಲ್ಲ. ಕದಿಯುವವರು ಯಾರು, ಹೇಗೆ?

ಈ ಸಲ ನಿಯಮವನ್ನೂ ಬದಲಿಸಿದೆ. ಮಕ್ಕಳು ಕೇಳಬೇಕು, ನಾನು "ಹೌದು", "ಅಲ್ಲ", "ಸಂಬಂಧವಿಲ್ಲ" ಎಂಬ ಮೂರೇ ಮಾತು ಆಡಬೇಕು. ಬೆಕ್ಕೇ? ಅಲ್ಲ. ಅಜ್ಜಿಯೇ ಕೊಡುತ್ತಾಳೆಯೇ? ಅಲ್ಲ. ಅಜ್ಜಿಗೆ ಕಣ್ಣು ಕಾಣುವುದಿಲ್ಲವೇ? ಸಂಬಂಧವಿಲ್ಲ. ಆಮೇಲೆ ಒಬ್ಬ, "ಅಜ್ಜಿ ಮಧ್ಯಾಹ್ನ ಮಲಗುತ್ತಾಳೆಯೇ?" ಎಂದ. ಹೌದು. "ಕಳ್ಳ ನನಗಿಂತ ಚಿಕ್ಕವನೇ?" ಹೌದು. ಅಲ್ಲಿಗೆ ಲಿಫ್ಟಿನ ಪ್ರಶ್ನೆ ಕೇಳಿದ್ದ ಅದೇ ಹುಡುಗಿ ಬೆಂಚಿನ ಮೇಲೆ ಹೆಚ್ಚುಕಡಿಮೆ ಹತ್ತಿಯೇ ನಿಂತಳು: "ಊರುಗೋಲು! ಸಂತೆಗೆ ಹೋದರೆ ಅಜ್ಜಿ ಅದನ್ನು ಒಯ್ಯುತ್ತಾಳೆ." ಮೊಮ್ಮಗ ಕೋಲಿನಿಂದ ಬುಟ್ಟಿ ವಾಲಿಸಿ ಉಂಡೆ ಉದುರಿಸುತ್ತಿದ್ದ. ಕಾವಲಿದ್ದರೆ ಕಳವಿಲ್ಲ ಎಂದು ಎಲ್ಲರೂ ನಂಬಿದ್ದರು, ಅದೇ ಅವರನ್ನು ಕಟ್ಟಿಹಾಕಿತ್ತು.

ಚಿಂತಕ ಎಡ್ವರ್ಡ್ ಡಿ ಬೋನೊ 1967ರಲ್ಲಿ ಇಂಥ ಅಡ್ಡಹಾದಿಯ ಆಲೋಚನೆಗೆ ಇಂಗ್ಲಿಷಿನಲ್ಲಿ 'ಲ್ಯಾಟರಲ್ ಥಿಂಕಿಂಗ್' ಎಂಬ ಹೆಸರು ಕೊಟ್ಟರು. ನಮ್ಮ ಜಿಲ್ಲೆಯ ಬಸವಕಲ್ಯಾಣದಲ್ಲಿ 12ನೆಯ ಶತಮಾನದಲ್ಲೇ ಅಲ್ಲಮಪ್ರಭುಗಳು ಒಗಟಿನಂತಿರುವ ಬೆಡಗಿನ ವಚನಗಳಲ್ಲಿ ಕೇಳುವವರ ತಲೆ ತಿರುಗಿಸಿದ್ದರು. ಎರಡೂ ಒಂದೇ ಎಂದು ಹೇಳುತ್ತಿಲ್ಲ. ಬೆಡಗಿಗೆ ನನ್ನ ಗಂಟೆಯೊಳಗೆ ಉತ್ತರ ಸಿಗುವುದಿಲ್ಲ.

ಲೆಕ್ಕದ ಬಲೆಗಳನ್ನೂ ಹಾಕಿದೆ. ಹಲಗೆ, ಬಳಪ ಸೇರಿ 110 ರೂಪಾಯಿ. ಹಲಗೆಯ ಬೆಲೆ ಬಳಪಕ್ಕಿಂತ 100 ರೂಪಾಯಿ ಹೆಚ್ಚು. ಬಳಪಕ್ಕೆಷ್ಟು? ಇದು ಶೇನ್ ಫ್ರೆಡರಿಕ್ 2005ರಲ್ಲಿ ಪ್ರಕಟಿಸಿದ ಬ್ಯಾಟು-ಚೆಂಡಿನ ಪ್ರಶ್ನೆಗೆ ನಾನು ತೊಡಿಸಿದ ಅಂಗಿ. ತರಗತಿ ಒಕ್ಕೊರಲಿನಿಂದ "ಹತ್ತು" ಎಂದಿತು. ಶಿಕ್ಷಕರ ಕೊಠಡಿಯಲ್ಲಿಯೂ ಹತ್ತೇ ಬಂತು, ಅದೂ ಚಹಾ ಕಪ್ಪು ಕೆಳಗಿಡದೆ. ಬಳಪ ಹತ್ತಾದರೆ ಹಲಗೆ 110, ಒಟ್ಟು 120 ಆಗಿಬಿಡುತ್ತದೆ. ಉತ್ತರ ಐದು. ನಾನೂ ಮೊದಲ ಸಲ ಹತ್ತು ಎಂದವನೇ. ಅದನ್ನು ಮಕ್ಕಳಿಗೆ ಹೇಳಿದ ಮೇಲೆ ತಪ್ಪು ಹೇಳುವ ಅಂಜಿಕೆ ತರಗತಿಯಲ್ಲಿ ಅರ್ಧಕ್ಕೆ ಇಳಿಯಿತು.

ಒಂದು ಬಗೆಯನ್ನು ಮಾತ್ರ ಬಿಟ್ಟೆ: ಬೇಕಾದ ಸಂಗತಿಯನ್ನೇ ಬಚ್ಚಿಟ್ಟು ಕೊನೆಯಲ್ಲಿ "ಅವನು ಕುರುಡ" ಎಂದು ಗೆಲ್ಲುವ ಪ್ರಶ್ನೆಗಳು. ಅದು ಮೋಸ. ಮಕ್ಕಳ ಮುಖ ಸಣ್ಣದಾಗುತ್ತದೆ, ಮುಂದಿನ ಒಗಟಿಗೆ ಅವರು ತಲೆ ಕೊಡುವುದಿಲ್ಲ.

ಡಿಸೆಂಬರಿನ ಹೊತ್ತಿಗೆ ಒಗಟು ಹಾಕುವ ಪಾಳಿ ಅವರದ್ದಾಯಿತು. ಬೀದರಿನಿಂದ ಬಂದು ಮಾವನ ಮನೆಯಲ್ಲಿದ್ದುಕೊಂಡು ಓದುವ, ಹೆಚ್ಚು ಮಾತಾಡದ ಹುಡುಗನೊಬ್ಬ ಹೇಳಿದ: "ಕೋಟೆಯ ಮಣ್ಣು ಹಚ್ಚಿದರೆ ಅಣ್ಣ ಕಪ್ಪಾದ, ಅವನ ಎದೆಯಲ್ಲಿದ್ದ ತಂಗಿ ಬೆಳ್ಳಗೇ ಉಳಿದಳು."

ಒಗಟಿನಲ್ಲಿ ಪ್ರತಿ ಮಾತೂ ಮುಸುಕು ಎಂಬುದು ನನ್ನ ಲೆಕ್ಕ. ಕೋಟೆ ಎಂದರೆ ಒಲೆ, ಅಣ್ಣ ಎಂದರೆ ಹಂಚು, ತಂಗಿ ರೊಟ್ಟಿ. ಗತ್ತಿನಿಂದಲೇ ಹೇಳಿದೆ. "ಅಲ್ಲ ಸರ್." ಮಣ್ಣೆಂದರೆ ಬೂದಿಯೇ? "ಅಲ್ಲ." ಮೂರನೆಯ ಸಲಕ್ಕೆ ಸೋತೆ ಎಂದೆ.

"ಕೋಟೆ ಎಂದರೆ ಕೋಟೆಯೇ ಸರ್, ನಮ್ಮ ಬೀದರ್ ಕೋಟೆ" ಎಂದು ಅವನು ಜೇಬಿನಿಂದ ಬಿದರಿಯ ಒಂದು ಸಣ್ಣ ಡಬ್ಬಿ ತೆಗೆದ. ಅವನ ತಂದೆ ಮಾಡಿದ್ದು. ಸತು, ತಾಮ್ರ ಬೆರೆಸಿ ಎರಕ ಹೊಯ್ದು, ಕೆತ್ತಿದ ಗೆರೆಗಳಲ್ಲಿ ಬೆಳ್ಳಿ ಕೂರಿಸಿ, ಕೊನೆಗೆ ಕೋಟೆಯ ಮಣ್ಣಿಗೆ ನವಸಾಗರ ಕಲಸಿ ಹಚ್ಚುತ್ತಾರೆ. ಸತುವೆಲ್ಲ ಕಪ್ಪಾಗುತ್ತದೆ, ಬೆಳ್ಳಿಗೆ ಏನೂ ಆಗುವುದಿಲ್ಲ. ಡಬ್ಬಿ ಬೆಂಚಿನಿಂದ ಬೆಂಚಿಗೆ ಹೋಯಿತು. ಗಂಟೆ ಬಾರಿಸಿದರೂ ಯಾರೂ ಏಳಲಿಲ್ಲ.