ಹಾಲೋಪೆರಿಡಾಲ್ ಜೊತೆ ಫೆನರ್ಗಾನ್: ನನ್ನ ಅನುಭವ

ನಮ್ಮ ಮನೋರೋಗ ವಾರ್ಡಿನಲ್ಲಿ ಹೊಡೆಯಲು ಬರುವ ರೋಗಿಯನ್ನು ಹಿಡಿಯುವವರು ಮನೆಯವರೇ. ಹಾಗಾಗಿ ಸೂಜಿ ಒಂದೇ ಸಲಕ್ಕೆ ಕೆಲಸ ಮಾಡಬೇಕು. ಕೆರಳಿದವರನ್ನು ಶಾಂತಗೊಳಿಸುವ ಹಾಲೋಪೆರಿಡಾಲ್ 10 ಮಿ.ಗ್ರಾಂ, ಜೊತೆಗೆ ನಿದ್ದೆ ತರಿಸುವ ಅಲರ್ಜಿ ಔಷಧಿ ಫೆನರ್ಗಾನ್ (ಪ್ರೊಮೆಥಜಿನ್) 50 ಮಿ.ಗ್ರಾಂ ಅಂದಾಗ "ಹಳೇ ಔಷಧಿ ಯಾಕೆ ಸರ್, ಒಲಾಂಜಪಿನ್ ಇದೆಯಲ್ಲ" ಅಂದವರೇ ಜಾಸ್ತಿ. ಈಗ ಅವರೂ ಇದನ್ನೇ ಬರೆಯುತ್ತಾರೆ.

ನಾನು ಬರುವ ಮೊದಲು ಇಲ್ಲಿ ಬರೀ ಹಾಲೋಪೆರಿಡಾಲ್ ಕೊಡುತ್ತಿದ್ದರು. ರೋಗಿ ತಣ್ಣಗಾಗುತ್ತಿದ್ದ. ಆದರೆ ಸ್ವಲ್ಪ ಹೊತ್ತಿಗೆ ಕತ್ತು ತಿರುಚಿಕೊಂಡು, ಕಣ್ಣು ಮೇಲೆ ಸಿಕ್ಕಿಕೊಂಡು ಒದ್ದಾಡುತ್ತಿದ್ದ. ಅದನ್ನು ನೋಡಿದ ತಾಯಿ ಮತ್ತೆ ನಮ್ಮ ಮಾತ್ರೆ ನಂಬುತ್ತಾಳಾ? ಆಗ ಬಿಡಿಸಲು ಕೊಡುವುದೂ ಫೆನರ್ಗಾನೇ. ಮೊದಲೇ ಕೊಟ್ಟರಾಯಿತು ಅಲ್ವಾ? 2007ರಲ್ಲಿ ಪ್ರಕಟವಾದ ರಿಯೋ ಡಿ ಜನೈರೋದ ಪ್ರಯೋಗದಲ್ಲೂ ಇಂಥ ಸ್ನಾಯು ಸೆಳೆತ (ಡಿಸ್ಟೋನಿಯಾ) ಬಂದದ್ದು ಬರೀ ಹಾಲೋಪೆರಿಡಾಲ್ ಪಡೆದವರಿಗೇ.

ನಿದ್ದೆ ತರಿಸುವ ಇನ್ನೊಂದು ಔಷಧಿ ಲೊರಾಜೆಪಾಮ್ 4 ಮಿ.ಗ್ರಾಂ ಕೂಡ ಒಳ್ಳೆಯದೇ. ವೆಲ್ಲೂರಿನ ಆಸ್ಪತ್ರೆಯವರು ಅದನ್ನು ಈ ಜೋಡಿಯ ಜೊತೆ ಸುಮಾರು 200 ಜನರಲ್ಲಿ ಹೋಲಿಸಿದಾಗ ನಾಲ್ಕು ಗಂಟೆಯ ಹೊತ್ತಿಗೆ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಎಲ್ಲರೂ ಶಾಂತರಾಗಿದ್ದರು. ಆದರೆ ಜೋಡಿ ಸೂಜಿ ಬೇಗ ಹಿಡಿಯಿತು. ನಮಗೆ ಬೇಕಾದದ್ದೇ ಆ ಮೊದಲ ಅರ್ಧ ಗಂಟೆ. ಮೇಲಾಗಿ ಲೊರಾಜೆಪಾಮ್‌ಗೆ ಫ್ರಿಜ್ ಬೇಕು, ನಮ್ಮಲ್ಲಿ ಬೇಸಿಗೆಯಲ್ಲಿ ಕರೆಂಟ್ ಪದೇ ಪದೇ ಹೋಗುತ್ತದೆ. ಕುಡಿತ ಬಿಟ್ಟು ಕೆರಳಿದವರಿಗೆ ಮಾತ್ರ ನಾನು ಇಂದಿಗೂ ಲೊರಾಜೆಪಾಮನ್ನೇ ಕೊಡುತ್ತೇನೆ.

ಒಲಾಂಜಪಿನ್ ಸೂಜಿಯನ್ನೂ ಕೆಲವು ತಿಂಗಳು ಬಳಸಿದೆ. ಕಾಲು ಗಂಟೆಯಲ್ಲಿ ತಣ್ಣಗಾಗುತ್ತಾರೆ, ಒಪ್ಪುತ್ತೇನೆ. ಆಮೇಲೆ ಮತ್ತೆ ಏಳುತ್ತಾರೆ. ವೆಲ್ಲೂರಿನ ಎರಡನೇ ಪ್ರಯೋಗದಲ್ಲೂ ನಾಲ್ಕು ಗಂಟೆಯೊಳಗೆ ಇನ್ನೊಂದು ಔಷಧಿ ಬೇಕಾದವರು ಒಲಾಂಜಪಿನ್‌ನಲ್ಲಿ ಶೇ. 40ರ ಮೇಲೆ, ಜೋಡಿಯಲ್ಲಿ ಅದರ ಅರ್ಧ. ಮತ್ತೆ ಎದ್ದರೆ ಲೊರಾಜೆಪಾಮ್ ಚುಚ್ಚುವ ಹಾಗೂ ಇಲ್ಲ, ಉಸಿರಾಟ, ಬಿಪಿ ಎರಡೂ ಕುಸಿಯುವ ಭಯ. ವಯಲ್‌ನಲ್ಲಿ ಪುಡಿ ಕರಗಿಸುತ್ತಾ ಕೂರಬೇಕು. ದುಡ್ಡೂ ಹಲವು ಪಟ್ಟು ಜಾಸ್ತಿ, ಸ್ಟೋರಿನಲ್ಲಿ ಇಲ್ಲದಿದ್ದರೆ ಮನೆಯವರೇ ಹೊರಗಿಂದ ತರಬೇಕು. ನಮ್ಮ ಜೋಡಿ ಸೂಜಿಗೆ ಒಂದು ಊಟದ ದುಡ್ಡೂ ಆಗುವುದಿಲ್ಲ.

ಇನ್ನೊಂದು ಪ್ರಯತ್ನ: ಮಾತಿಗೆ ಸಿಗುವವರಿಗೆ ಬಾಯಲ್ಲಿ ಕರಗುವ ಒಲಾಂಜಪಿನ್ ಮಾತ್ರೆ ಕೊಟ್ಟು ನೋಡಿದೆ. ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಸೂಜಿಯೇ ಬೇಕಾಗಲಿಲ್ಲ. ಅವರನ್ನು ಒಪ್ಪಿಸುವ ಬಗೆ ಒಂದಿದೆ. ಅದನ್ನು ವಾರ್ಡಿಗೆ ಬಂದವರಿಗೆ ಮಾತ್ರ ತೋರಿಸುತ್ತೇನೆ.

ಸೂಜಿಯಾದ ಮೇಲೆ ಮೊದಲ ಗಂಟೆ ಹದಿನೈದು ನಿಮಿಷಕ್ಕೊಮ್ಮೆ ಉಸಿರು, ಬಿಪಿ, ನಾಡಿ ನೋಡಲೇಬೇಕು. ಇಸಿಜಿ ತೆಗೆಯಲು ಸಾಧ್ಯವಾಗುವುದೂ ನಿದ್ದೆ ಹತ್ತಿದ ಮೇಲೆಯೇ. ವಯಸ್ಸಾದವರಿಗೆ ಈ ಡೋಸ್ ಬೇಡವೇ ಬೇಡ, ಬಹಳ ಕಡಿಮೆಯಿಂದ ಶುರು ಮಾಡಿ.