ಕ್ಯೂರಿಂಗ್ ಸೀಸನ್ನಿನ ನಡುವೆ ಎಂಬಿಎ: ನಾನು ಕೋರ್ಸ್ ಆರಿಸಿದ ಬಗೆ

ಕುಶಾಲನಗರದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಲೆಕ್ಕಪತ್ರ ನೋಡಿಕೊಳ್ಳುವುದು ನನ್ನ ಕೆಲಸ. ಒಣಗಿದ ಕಾಫಿಯ ಸಿಪ್ಪೆ ಬಿಡಿಸಿ ಬೀಜ ಹಸನು ಮಾಡುವ ಜಾಗ ಅದು. ಕೆಲಸ ಬಿಡದೆ ಎಂಬಿಎ ಮಾಡುತ್ತೇನೆ ಅಂದಾಗ ಕಂಡವರೆಲ್ಲ ಕೇಳಿದ್ದು, ‘ಯಾವ ಯೂನಿವರ್ಸಿಟಿ ಒಳ್ಳೇದಂತೆ?’ ನಾನು ಶುರುಮಾಡಿದ್ದು ಗೋಡೌನಿನ ಕ್ಯಾಲೆಂಡರಿನಿಂದ.

ಡಿಸೆಂಬರ್‌ನಲ್ಲಿ ಅರೇಬಿಕಾ ಪಾರ್ಚ್‌ಮೆಂಟ್ (ಹಣ್ಣಿನ ತಿರುಳು ತೆಗೆದು ಒಣಗಿಸಿದ ಕಾಫಿ) ಬರತೊಡಗುತ್ತದೆ. ಜನವರಿ ಕಳೆಯುವಷ್ಟರಲ್ಲಿ ರೋಬಸ್ಟಾ ಚೆರಿ (ಇಡಿಯಾಗಿ ಒಣಗಿಸಿದ ಹಣ್ಣು) ಹೊತ್ತ ಲಾರಿಗಳು ಗೇಟಿನಲ್ಲಿ ಸಾಲುಗಟ್ಟುತ್ತವೆ. ಏಪ್ರಿಲ್ ಮುಗಿಯುವ ತನಕ ಭಾನುವಾರವೂ ನಮ್ಮದಲ್ಲ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಆಫೀಸಿನಲ್ಲಿ ಬಿಡುವು ಸಿಗುತ್ತದೆ, ನಿಜ. ಆದರೆ ನಮ್ಮ ಮನೆ ಸುಂಟಿಕೊಪ್ಪದಿಂದ ಒಳಗೆ, ತೋಟದ ನಡುವೆ. ತಂತಿ ಮೇಲೆ ಮರ ಬಿದ್ದರೆ ಕರೆಂಟು ಯಾವಾಗ ಬರುತ್ತದೋ ಹೇಳಲಾಗದು. ಆಮೇಲೆ ಟವರಿನ ಬ್ಯಾಟರಿಯೂ ಖಾಲಿಯಾಗಿ ಫೋನು ಸುಮ್ಮನಾಗುತ್ತದೆ.

ಈ ಕ್ಯಾಲೆಂಡರ್ ಮುಂದಿಟ್ಟುಕೊಂಡು ನೋಡಿದರೆ ಅರ್ಧ ಪಟ್ಟಿ ತಾನಾಗಿಯೇ ಅಳಿಸಿಹೋಯಿತು. ಬೆಂಗಳೂರು ಐಐಎಂನಲ್ಲಿ ಕೆಲಸದಲ್ಲಿರುವವರಿಗೆಂದೇ ವಾರಾಂತ್ಯದ ಎರಡು ವರ್ಷದ ಕೋರ್ಸ್ ಇದೆ. ಓದಿದರೆ ಅಲ್ಲೇ ಓದಬೇಕು ಅನ್ನಿಸುವಂಥದ್ದು. ಆದರೆ ಫೀಸು ಹಲವು ಲಕ್ಷ, ದಾರಿ ಇನ್ನೂರು ಕಿಲೋಮೀಟರಿಗೂ ಮೇಲೆ, ನಮ್ಮ ಜಿಲ್ಲೆಗೆ ರೈಲೂ ಇಲ್ಲ. ಬೆಂಗಳೂರಿನಲ್ಲೇ ನೌಕರಿ ಇರುವವರಿಗೆ ಅದು ಸರಿ. ಕೋಯಿಕ್ಕೋಡ್ ಐಐಎಂನ ಎಕ್ಸಿಕ್ಯೂಟಿವ್ ಕೋರ್ಸ್ ಹೆಚ್ಚಾಗಿ ಆನ್‌ಲೈನ್. ನಡುವೆ ಕ್ಯಾಂಪಸ್ಸಿಗೆ ಹೋಗಿ ಬಂದರಾಯಿತು. ವಿರಾಜಪೇಟೆ ಕಡೆಯವರಿಗೆ ಮಾಕುಟ್ಟ ಇಳಿದರೆ ಕೇರಳ. ನನಗೆ ಅಡ್ಡಿಯಾದದ್ದು ಲೈವ್ ಕ್ಲಾಸು. ಜುಲೈ ತಿಂಗಳಲ್ಲಿ ನಮ್ಮ ಮನೆಯಿಂದ ಲೈವ್ ಕ್ಲಾಸಿಗೆ ಕೂರುತ್ತೇನೆ ಅನ್ನುವುದು ಬರೀ ಮಾತು.

ಉಳಿದದ್ದು ದೂರಶಿಕ್ಷಣ. ಇಲ್ಲಿ ಮೊದಲು ನೋಡಬೇಕಾದದ್ದು ಮಾನ್ಯತೆ, ಅದೂ ನೀವು ಸೇರುವ ವರ್ಷದ ಮಾನ್ಯತೆ. ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯ 1996ರಷ್ಟು ಹಳೆಯದು. ಅದಕ್ಕೂ 2013ರಿಂದ ಕೆಲವು ವರ್ಷ ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ಮಾನ್ಯತೆ ಇರಲಿಲ್ಲ, 2018ರಲ್ಲಿ ಮತ್ತೆ ಸಿಕ್ಕಿತು. ಹಾಗಾಗಿ ಹೆಸರು ದೊಡ್ಡದಿದ್ದರೆ ಸಾಲದು. ಯುಜಿಸಿಯ ದೂರಶಿಕ್ಷಣ ವಿಭಾಗದ ಪಟ್ಟಿಯಲ್ಲಿ ವಿಶ್ವವಿದ್ಯಾಲಯ, ಕೋರ್ಸ್, ವರ್ಷ ಮೂರೂ ಇವೆಯೇ ನೋಡಿಕೊಳ್ಳಿ. ಪಟ್ಟಿಯಲ್ಲಿರುವ ಪದವಿಗೆ ರೆಗ್ಯುಲರ್ ಪದವಿಯಷ್ಟೇ ಬೆಲೆ ಎಂದು 2020ರ ಯುಜಿಸಿ ನಿಯಮಾವಳಿಯೇ ಹೇಳುತ್ತದೆ. ‘ಕೌನ್ಸೆಲರ್’ ಎಂದು ಫೋನ್ ಮಾಡಿ ‘ಇವತ್ತೇ ಸೀಟ್ ಬ್ಲಾಕ್ ಮಾಡಿ ಮೇಡಂ’ ಅನ್ನುವವರನ್ನು ನಾನು ಕೇಳುತ್ತಿದ್ದದ್ದು ಇದನ್ನೊಂದೇ. ಹೆಚ್ಚಿನವರು ಮತ್ತೆ ಫೋನ್ ಮಾಡಲಿಲ್ಲ.

ಕೊನೆಗೆ ಸೇರಿದ್ದು ಇಗ್ನೋಗೆ, ಅಂದರೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯಕ್ಕೆ. ಕಾರಣ ಪರೀಕ್ಷೆಯ ತಿಂಗಳು. ಅಲ್ಲಿ ಪರೀಕ್ಷೆ ಜೂನ್ ಮತ್ತು ಡಿಸೆಂಬರ್‌ನಲ್ಲಿ. ಯಾವ ಸಲ ಎಷ್ಟು ವಿಷಯಕ್ಕೆ ಕೂರಬೇಕು ಅನ್ನುವುದು ಬಹುಮಟ್ಟಿಗೆ ನಮ್ಮ ಕೈಯಲ್ಲಿ. ಎರಡು ವರ್ಷದ ಕೋರ್ಸನ್ನು ನಾಲ್ಕು ವರ್ಷದ ತನಕ ಎಳೆಯಬಹುದು. ನಮ್ಮ ಮ್ಯಾನೇಜರ್ ಸಾಹೇಬರಿಗೆ ಹೇಳಿದಾಗ, “ಡಿಸೆಂಬರ್‌ನಲ್ಲಿ ರಜೆ ಕೇಳ್ಬೇಡಮ್ಮ, ಜೂನ್‌ನಲ್ಲಿ ಎಷ್ಟು ಬೇಕಾದ್ರೂ ತಗೋ” ಅಂದರು. ಹಾಗೆಯೇ ಹಂಚಿಕೊಂಡೆ: ಭಾರದ ವಿಷಯಗಳೆಲ್ಲ ಜೂನ್‌ಗೆ, ಹುತ್ತರಿ ಮುಗಿಯುತ್ತಲೇ ಬರುವ ಡಿಸೆಂಬರ್ ಪರೀಕ್ಷೆಗೆ ಒಂದೋ ಎರಡೋ.

ಎರಡು ವರ್ಷದಲ್ಲಿ ಮುಗಿಸುತ್ತೇನೆ ಅನ್ನುವವರು ಒಂದು ಲೆಕ್ಕ ಹಾಕಲಿ. ಇಗ್ನೋದಲ್ಲಿ ಒಂದು ಕ್ರೆಡಿಟ್ ಅಂದರೆ 30 ಗಂಟೆಯ ಓದು. ನಾಲ್ಕು ಕ್ರೆಡಿಟ್ಟಿನ ಒಂದು ವಿಷಯಕ್ಕೆ 120 ಗಂಟೆ. ಮೊದಲ ಸೆಮಿಸ್ಟರಿನ ಏಳು ವಿಷಯಕ್ಕೆ 840 ಗಂಟೆ. ಆರು ತಿಂಗಳಿಗೆ ಹಂಚಿದರೆ ವಾರಕ್ಕೆ 32 ಗಂಟೆ ದಾಟುತ್ತದೆ, ಅಂದರೆ ಇನ್ನೊಂದು ನೌಕರಿಯೇ. ಎಲ್ಲರಿಗೂ ಅಷ್ಟು ಗಂಟೆ ಬೇಕಾಗದು, ನನಗೂ ಬೇಕಾಗಲಿಲ್ಲ. ಅಕೌಂಟ್ಸ್ ಗೊತ್ತಿದ್ದವರಿಗೆ ಕೆಲವು ಪುಸ್ತಕ ಬೇಗ ಓಡುತ್ತವೆ. ಸೇರುವ ಮುಂಚೆ ಇಗ್ನೋದ ಆನ್‌ಲೈನ್ ಪುಸ್ತಕ ಸಂಗ್ರಹವಾದ ಇ-ಜ್ಞಾನಕೋಶದಲ್ಲಿ ಆ ಪುಸ್ತಕಗಳನ್ನೇ ಬಿಟ್ಟಿಯಾಗಿ ಓದಿ ನೋಡಬಹುದು. ನಾನು ಎರಡು ಘಟಕ ಓದಿ, ತಲೆಗೆ ಹತ್ತುತ್ತದೆ ಅನ್ನಿಸಿದ ಮೇಲೆಯೇ ಹಣ ಕಟ್ಟಿದ್ದು. ಪುಸ್ತಕ ಮಾತ್ರ ಅಚ್ಚಾದದ್ದನ್ನೇ ತರಿಸಿಕೊಂಡೆ. ಕರೆಂಟಿಲ್ಲದ ರಾತ್ರಿಗೆ ಪಿಡಿಎಫ್ ಆಗಿಬರುವುದಿಲ್ಲ.

ಓದಿದ್ದು ಕೆಲಸಕ್ಕೆ ಬಂತೇ? ಬಂತು, ನಾನು ನೆನೆಸದ ಕಡೆ. ನಮ್ಮಲ್ಲಿ ಬೆಳೆಗಾರರ ಬಾಯಲ್ಲಿ ಯಾವಾಗಲೂ ‘ಓಟಿ’, ಅಂದರೆ ಔಟ್‌ಟರ್ನ್: 50 ಕೆಜಿ ಚೆರಿಯಿಂದ ಎಷ್ಟು ಕೆಜಿ ಕ್ಲೀನ್ ಕಾಫಿ ಅನ್ನುವ ಲೆಕ್ಕ. 26 ಬಂದರೆ ಒಂದು ದರ, 28 ಬಂದರೆ ಇನ್ನೊಂದು. ಇಷ್ಟು ವರ್ಷ ಅದನ್ನು ಬರೀ ಬಿಲ್ಲಿಗೆ ಹಾಕುತ್ತಿದ್ದೆ. ಕಾಸ್ಟಿಂಗ್ ಓದಿದ ಮೇಲೆ ಕಡಿಮೆ ಓಟಿಯ ಲಾಟಿಗೂ ನಮ್ಮ ಯಂತ್ರ, ಕೂಲಿ, ಗೋಡೌನಿನ ಜಾಗ ಅಷ್ಟೇ ಖರ್ಚಾಗುತ್ತದೆ ಅನ್ನುವುದನ್ನು ಅಂಕಿಯಲ್ಲಿ ತೋರಿಸಲು ಬಂತು. ಪ್ರಾಜೆಕ್ಟಿಗೂ ಅದನ್ನೇ ಇಟ್ಟುಕೊಳ್ಳಬೇಕೆಂದಿದ್ದೇನೆ.

ಈ ದಾರಿಯಲ್ಲಿ ಸಿಗದೇ ಹೋದದ್ದು ಸಹಪಾಠಿಗಳು. ಕ್ಲಾಸಿನಲ್ಲಿ ಕೂತು ವಾದ ಮಾಡುವವರು, ಮುಂದೆ ಬೇರೆ ಕಂಪನಿಯಲ್ಲಿ ಗುರುತು ಹಿಡಿಯುವವರು, ಇದೆಲ್ಲ ಇಲ್ಲಿಲ್ಲ. ನೌಕರಿ ಬದಲಿಸಬೇಕೆಂದೇ ಎಂಬಿಎ ಮಾಡುವವರಾದರೆ ಸಾಲವಾದರೂ ಮಾಡಿ ಕ್ಯಾಂಪಸ್ ಇರುವ ಕಡೆ ಹೋಗುವುದೇ ಮೇಲು. ನಾನು ಕುಶಾಲನಗರದಲ್ಲೇ ಇರುವವಳು.